ಹನ್ನೊಂದು ನೇಮಕಾತಿ ಪತ್ರಗಳು

ಎರಡು ಆಸ್ಪತ್ರೆಗಳ ಹಾಸಿಗೆ ಹೊದಿಕೆ, ಮೂರು ಹೋಟೆಲುಗಳ ಮೇಜುಬಟ್ಟೆ ಎಲ್ಲ ಒಗೆತಕ್ಕೆ ಬರುತ್ತಿದ್ದದ್ದು ಆ ಲಾಂಡ್ರಿಗೇ. ಅದನ್ನು ನಡೆಸುವ ಹೆಂಗಸಿಗೆ ಐವತ್ಮೂರು ವರ್ಷ. ಮಾವನವರು ಕಟ್ಟಿದ ವ್ಯವಹಾರ. ಅವರು ತೀರಿಕೊಂಡ ಮೇಲೆ ಗಂಡ ವ್ಯಾನಿನ ಸ್ಟೀರಿಂಗ್ ಹಿಡಿದು ಕೈತೊಳೆದುಕೊಂಡ. ಉಳಿದದ್ದೆಲ್ಲ ಆಕೆಯ ತಲೆಗೆ ಬಂತು. ಕೆಲಸದವರು ಹನ್ನೊಂದು ಜನ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಾಕು, ಇದು ರಕ್ತದ ಕಲೆ, ಇದು ಔಷಧಿಯದು ಎಂದು ಹೇಳಿಬಿಡುವಳು. ಬಾಯ್ಲರ್ ಕೆಮ್ಮಿದರೆ ಯಾವ ಕೊಳವೆ ಕಟ್ಟಿದೆ ಎಂಬುದು ಕಿವಿಗೇ ಗೊತ್ತಾಗುತ್ತಿತ್ತು. ಕಾರ್ಮಿಕ ಕಾನೂನಿನ ಮುಂದೆ ಮಾತ್ರ ಆಕೆಯ ಆಟ ನಡೆಯುತ್ತಿರಲಿಲ್ಲ.

ಒಂದೂವರೆ ವರ್ಷದಲ್ಲಿ ಸರ್ಕಾರ ಮೂರು ಸಲ ನಿಯಮ ಬದಲಾಯಿಸಿತ್ತು. ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ಬಿಡುವು ಎಂದಿದ್ದದ್ದು ನಾಲ್ಕು ಗಂಟೆಗೆ ಇಳಿಯಿತು. ವೇಳಾಪಟ್ಟಿಯನ್ನು ಗೋಡೆಗೆ ಹಚ್ಚಬೇಕೆಂದರು, ಹಚ್ಚಿದಳು. ಬಾಗಿಲ ಬಳಿಯೇ ಇರಬೇಕೆಂದರು, ಕಿತ್ತು ಅಲ್ಲಿಗೆ ಹಚ್ಚಿದಳು. ಬಾಗಿಲ ಬಳಿ ಹಬೆ ಜಾಸ್ತಿ. ಅಂಟು ಬಿಟ್ಟ ಹಾಳೆ ದಿನಕ್ಕೊಮ್ಮೆ ಒದ್ದೆ ಬಟ್ಟೆಯ ಬುಟ್ಟಿಗೆ ಬೀಳುತ್ತಿತ್ತು.

ಆಮೇಲೆ ಬಂದದ್ದು ನೇಮಕಾತಿ ಪತ್ರದ ನಿಯಮ. ಎಷ್ಟೇ ಹಳಬರಿರಲಿ, ಪ್ರತಿಯೊಬ್ಬರಿಗೂ ಮೂವತ್ತು ದಿನದೊಳಗೆ ಲಿಖಿತ ಪತ್ರ ಕೊಡಬೇಕು. ಆಕೆ ಎರಡು ಭಾನುವಾರ ಕೂತು ಹನ್ನೊಂದು ಪತ್ರ ತಯಾರಿಸಿ, ಕವರಿಗೆ ಹಾಕಿ, ಒಂದು ಸಂಜೆ ಎಲ್ಲರ ಕೈಗೂ ಕೊಟ್ಟಳು.

ಮಾರನೆಯ ದಿನ ದೊಡ್ಡಮ್ಮ ಕೆಲಸಕ್ಕೆ ಬರಲಿಲ್ಲ. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದ ಆ ಮುದುಕಿ ಲಾಂಡ್ರಿಯ ಹಿರಿಯ ಇಸ್ತ್ರಿ ಕೆಲಸದವರು. ಅದರ ಮಾರನೆಯ ದಿನವೂ ಬರಲಿಲ್ಲ. ಒಗೆದ ಬಟ್ಟೆ ಕಿಟಕಿಯ ಎತ್ತರಕ್ಕೆ ಬೆಳೆಯಿತು.

"ಮೈ ಹುಷಾರಿಲ್ವೋ ಏನೋ. ಒಂದು ಹೆಜ್ಜೆ ಹೋಗಿ ನೋಡ್ಕೊಂಡು ಬಾರೇ," ಎಂದ ಗಂಡ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯ ಮನೆ. ದೊಡ್ಡಮ್ಮ ಮಂಚದ ತುದಿಯಲ್ಲಿ ಕೂತಿದ್ದರು. ಕವರು ಗಡಿಯಾರದ ಹಿಂದೆ ಸಿಕ್ಕಿಸಿದಂತೆಯೇ ಇತ್ತು, ಒಡೆದಿರಲಿಲ್ಲ.

"ನಾನೇನು ತಪ್ಪು ಮಾಡ್ದೆ ಅಮ್ಮಾವ್ರೆ? ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತು, ಸುಮ್ನೆ ಎದ್ದು ಹೋಗ್ತಿದ್ದೆ. ಕಾಗದ ಯಾಕೆ ಕೊಟ್ರಿ?"

"ಅಯ್ಯೋ, ಯಾರು ಹೋಗು ಅಂದಿದ್ದು ದೊಡ್ಡಮ್ಮ?"

"ನಮ್ಮೆಜಮಾನ್ರಿಗೂ ಮಿಲ್ಲಲ್ಲಿ ಇಂಥದೇ ಕವರು ಕೊಟ್ರು. ಮಾರನೇ ದಿನ ಗೇಟಿಗೆ ಬೀಗ. ನಂಗೆ ಓದೋಕೆ ಬರಲ್ಲ ನಿಜ, ಆದ್ರೆ ಕವರು ಅಂದ್ರೆ ಏನು ಅಂತ ಗೊತ್ತು."

ಆಕೆ ಅಲ್ಲೇ ನೆಲದ ಮೇಲೆ ಕೂತು ಕವರು ಒಡೆದಳು. ಒಂದೊಂದೇ ಸಾಲು ಓದಿದಳು. ಹುದ್ದೆ, ಕೆಲಸದ ಹೊತ್ತು, ಬಿಡುವು, ವರ್ಷಕ್ಕೆ ಹದಿನೈದು ದಿನ ರಜೆ. ಸೇರಿದ ದಿನಾಂಕಕ್ಕೆ ಬಂದಾಗ ದೊಡ್ಡಮ್ಮ ತಡೆದರು.

"ಎಷ್ಟು ವರ್ಷ ಆಯ್ತು ಅಂತ ಬರ್ದಿದೆ?"

"ಇಪ್ಪತ್ನಾಲ್ಕು."

"ತಪ್ಪು. ನಿಮ್ಮ ಮದುವೆಗೆ ದೊಡ್ಡೆಜಮಾನ್ರ ಅಂಗಿ ಇಸ್ತ್ರಿ ಮಾಡಿಕೊಟ್ಟೋಳೇ ನಾನು. ನೀವು ಈ ಮನೆಗೆ ಕಾಲಿಡೋ ಮುಂಚೆ ಮೂರು ವರ್ಷ ಅಲ್ಲಿ ಹಬೆ ಕುಡ್ದಿದ್ದೀನಿ."

ಆಕೆ ಹಳೆಯ ಹಾಜರಿ ಪುಸ್ತಕ ನೋಡಿ ದಿನಾಂಕ ಬರೆದಿದ್ದಳು. ಅದಕ್ಕಿಂತ ಹಿಂದಿನ ಪುಸ್ತಕ ಇರಬಹುದೆಂದು ಹೊಳೆದೇ ಇರಲಿಲ್ಲ. ತನ್ನ ಮದುವೆಯಾಗಿಯೇ ಇಪ್ಪತ್ತೇಳು ವರ್ಷವಾಗಿತ್ತು. ಮುಖ ಸಣ್ಣದಾಯಿತು. "ತಿದ್ದಿ ಕೊಡ್ತೀನಿ ದೊಡ್ಡಮ್ಮ. ನಾಳೆ ಬನ್ನಿ," ಎಂದಳು. ದೊಡ್ಡಮ್ಮ ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಂದರು. ಮೂವತ್ತು ವರ್ಷ ಎಂದು ತಿದ್ದಿದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಆ ಸಾಲು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದರು.

ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು: ನೇಮಕಾತಿ ಪತ್ರದ ನಮೂನೆಗೆ ತಿದ್ದುಪಡಿಯಾಗಿದೆ. ವಾರದ ರಜೆಯ ದಿನ, ತುರ್ತಿಗೆ ಕರೆಯಬೇಕಾದವರ ಫೋನ್ ನಂಬರ್ ಹೊಸದಾಗಿ ಸೇರಬೇಕು. ಹಳೆಯ ನಮೂನೆ ನಡೆಯುವುದಿಲ್ಲ.

"ನೋಡ್ರೀ ಇಲ್ಲಿ! ಶಾಯಿ ಇನ್ನೂ ಆರಿಲ್ಲ!" ಆಕೆ ಪತ್ರಿಕೆಯನ್ನು ಗಂಡನ ತಟ್ಟೆಯ ಪಕ್ಕಕ್ಕೆ ಬಡಿದಳು. "ಇವ್ರಿಗೆ ಬೇರೆ ಕಸುಬಿಲ್ವಾ?"

"ಹೇಗೂ ಕಂಪ್ಯೂಟರಲ್ಲಿದೆಯಲ್ಲ, ಎರಡು ಸಾಲು ಸೇರಿಸಿದ್ರಾಯ್ತು."

"ಹಾಗಾದ್ರೆ ನೀವೇ ಸೇರಿಸಿ."

ಗಂಡ ವ್ಯಾನಿನ ಬೀಗದಕೈ ಹುಡುಕತೊಡಗಿದ.

ಮತ್ತೆ ಹನ್ನೊಂದು ಪತ್ರ, ಮತ್ತೆ ಹನ್ನೊಂದು ಸಹಿ. ದೊಡ್ಡಮ್ಮ ಈ ಸಲ ಹೆದರಲಿಲ್ಲ. ಮೊದಲಿಂದ ಕೊನೆಯವರೆಗೆ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದರು. ಮುಂದಿನ ವಾರ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದ. ಪತ್ರಗಳನ್ನು ತಿರುವಿ ಹಾಕಿ, "ಇದು ನಮೂನೆ ಪ್ರಕಾರ ಇಲ್ಲ," ಎಂದ.

"ಇದು ಹೊಸ ನಮೂನೆ ಸಾರ್."

"ಹೊಸದು ನಮ್ಮ ಕಚೇರಿಗೆ ಇನ್ನೂ ಬಂದಿಲ್ಲಮ್ಮ."

"ಪೇಪರಿಗೆ ಬಂತು, ನನ್ನ ಲಾಂಡ್ರಿಗೆ ಬಂತು, ನಿಮ್ಮ ಕಚೇರಿಗೆ ಮಾತ್ರ ಬರ್ಲಿಲ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನ್ನ ಹತ್ರ ಇರೋ ಪಟ್ಟಿ ನೋಡ್ಕೊಂಡು ಬರೀತೀನಿ ಅಷ್ಟೆ," ಎಂದು ನೋಟಿಸು ಬರೆದು, ಬಾಗಿಲಿನ ಒದ್ದೆ ವೇಳಾಪಟ್ಟಿಯನ್ನು ತಾನೇ ಎತ್ತಿ ಗೋಡೆಗೆ ಒತ್ತಿ ಹೋದ.

ಮರುದಿನ ಆಕೆ ಎರಡೂ ನಮೂನೆ ಹಿಡಿದು ಕಾರ್ಮಿಕ ಕಚೇರಿಗೆ ಹೋದಳು. ಮೊದಲ ಕೌಂಟರಿನವರು ಮೂರನೆಯದಕ್ಕೆ ಹೋಗಿ ಎಂದರು. ಮೂರನೆಯವರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಒಬ್ಬ ಬೇಕರಿಯವ, ಒಬ್ಬ ಕ್ಷೌರದಂಗಡಿಯವ ಕೂತಿದ್ದರು. ಇಬ್ಬರ ಕೈಯಲ್ಲೂ ಅಂಥದೇ ನೋಟಿಸು.

"ನಂದು ಎರಡನೇ ಸಲ," ಎಂದ ಬೇಕರಿಯವ. "ಹೋದ್ಸಲ ಹೊಸದು ಮಾಡಿಸ್ಕೊಂಡು ಬನ್ನಿ ಅಂದ್ರು. ಈಗ ಹಳೇದು ತನ್ನಿ ಅಂತಾರೆ."

ನಾಲ್ಕು ಗಂಟೆಗೆ ಅಧಿಕಾರಿ ಒಳಗೆ ಕರೆದರು. ಎರಡೂ ನಮೂನೆ ಪಕ್ಕ ಪಕ್ಕ ಇಟ್ಟು ನೋಡಿದರು. ಫೋನ್ ಮಾಡಿ ಯಾರನ್ನೋ ಕೇಳಿದರು. ಕೊನೆಗೆ, "ಎರಡನ್ನೂ ಇಟ್ಕೊಂಡಿರಿ, ಆಮೇಲೆ ನೋಡೋಣ," ಎಂದರು.

"ಹಾಗಂತ ಬರೆದುಕೊಡಿ ಸಾರ್."

"ಅದೆಲ್ಲ ಬರೆದುಕೊಡೋಕೆ ಬರಲ್ಲಮ್ಮ. ಬಾಯಲ್ಲಿ ಹೇಳಿದೀನಲ್ಲ."

ಆಕೆ ಎದ್ದು ನಿಂತಳು. "ಬಾಯಲ್ಲಿ ಹೇಳಿದ್ದು ಸಾಲದು ಅಂತ ತಾನೇ ನಿಮ್ಮ ಕಾನೂನು ಹೇಳೋದು? ಮೂವತ್ತು ವರ್ಷ ಬಾಯಿಮಾತಲ್ಲೇ ನಡೆದಿತ್ತು ಸಾರ್ ನಮ್ಮಲ್ಲಿ. ನಿಮ್ಮ ಮಾತು ಕೇಳಿ ಹನ್ನೊಂದು ಜನಕ್ಕೆ ಎರಡೆರಡು ಸಲ ಬರೆದುಕೊಟ್ಟಿದೀನಿ. ನನಗೊಬ್ಬಳಿಗೆ ಒಂದು ಸಲ ಬರೆದುಕೊಡೋಕೆ ನಿಮಗಾಗಲ್ವಾ? ಬರೆಯೋವರೆಗೆ ನಾನು ಏಳಲ್ಲ." ಹಾಗೆಂದು ಮತ್ತೆ ಕೂತಳು.

ಅಧಿಕಾರಿ ಗಡಿಯಾರ ನೋಡಿದರು. ಬಾಗಿಲಲ್ಲಿ ಇಣುಕುತ್ತಿದ್ದ ಬೇಕರಿಯವನನ್ನೂ ಕ್ಷೌರದವನನ್ನೂ ನೋಡಿದರು. ಮತ್ತೆರಡು ಫೋನು ಮಾಡಿದರು. ಐದೂವರೆಗೆ ಅರ್ಧ ಹಾಳೆಯ ಕಾಗದ ಸಿದ್ಧವಾಯಿತು: ಹೊಸ ನಮೂನೆಯೇ ಜಾರಿಯಲ್ಲಿದೆ, ನೋಟಿಸು ಹಿಂಪಡೆಯಲಾಗಿದೆ. ಮೊಹರು ವಾರೆಯಾಗಿ ಬಿದ್ದಿತ್ತು, ಆದರೂ ಮೊಹರೇ. ಮೂವರೂ ಎದುರಿನ ಅಂಗಡಿಗೆ ನುಗ್ಗಿ ಅದರ ಜೆರಾಕ್ಸ್ ಮಾಡಿಸಿದರು.

ಅಂದಿನಿಂದ ಮೂವರ ನಡುವೆ ಒಂದು ಒಪ್ಪಂದ. ಸರ್ಕಾರ ಹೊರಡಿಸುವುದನ್ನು ತಿಂಗಳಿಗೊಬ್ಬರಂತೆ ಓದುವುದು, ಉಳಿದಿಬ್ಬರಿಗೆ ತಿಳಿಸುವುದು. ಕ್ಷೌರದವನ ಸರದಿ ಬಂದ ತಿಂಗಳು ಅರ್ಧ ಸುದ್ದಿ ತಪ್ಪೇ ಇರುತ್ತದೆ. ಹಾಗಾಗಿ ಅದನ್ನೂ ಆಕೆಯೇ ಇನ್ನೊಮ್ಮೆ ಓದಬೇಕು.

ಇಷ್ಟಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಕಚೇರಿ ಕೋಣೆಗೆ ಬಂದು ನಿಂತರು.

"ಹದಿನೈದು ದಿನ ರಜೆ ಅಂತ ಓದಿದ್ರಲ್ಲ ಅಮ್ಮಾವ್ರೆ, ಅದು ನಿಜಾನಾ?"

"ಕಾಗದದಲ್ಲಿದೆ ಅಂದ್ಮೇಲೆ ನಿಜಾನೇ."

"ಹಾಗಾದ್ರೆ ಸೋಮವಾರದಿಂದ ಬರಲ್ಲ. ತಂಗಿ ಮನೇಲಿ ಸುಮ್ನೆ ಮಲಗ್ತೀನಿ."

ಮೂರೂ ಹೋಟೆಲುಗಳು ತುಂಬಿದ್ದ ವಾರ ಅದು. ಬೇಡವೆನ್ನುವ ಹಾಗಿರಲಿಲ್ಲ, ಕಾಗದಕ್ಕೆ ಹಾಕಿದ ಸಹಿ ತನ್ನದೇ. ಹದಿನೈದು ದಿನ ತಾನೇ ಇಸ್ತ್ರಿ ಮೇಜಿನ ಮುಂದೆ ನಿಂತಳು. ಎರಡು ಮೇಜುಬಟ್ಟೆ ಸುಟ್ಟಳು, ಮಣಿಕಟ್ಟಿಗೆ ಹಬೆ ತಾಗಿಸಿಕೊಂಡಳು, ಕಾನೂನು ಬರೆದವರನ್ನೆಲ್ಲ ಸಾಲಾಗಿ ಬೈದಳು. ಹದಿನಾರನೆಯ ದಿನ ದೊಡ್ಡಮ್ಮ ಮೈಕೈ ತುಂಬಿಕೊಂಡು ಬಂದರು. ಆಕೆ ಮಡಿಸಿಟ್ಟ ಬಟ್ಟೆಗಳಲ್ಲಿ ಒಂದನ್ನು ಬಿಚ್ಚಿ ನೋಡಿದರು. ಇಡೀ ರಾಶಿಯನ್ನು ತಮ್ಮ ಮೇಜಿಗೆ ಎಳೆದುಕೊಂಡು ಮೊದಲಿಂದ ಇಸ್ತ್ರಿ ಶುರುಮಾಡಿದರು.