ಸಾಯದ ಕಂಪನಿ

ಇವತ್ತು ಪಾಠ ಸರಿಯಾಗೇ ಮಾಡಿದೆ ಮಾರಾಯ್ರೇ, ಅದೇ ತಪ್ಪಾಯ್ತು.

ಭದ್ರಾವತಿ, ಫಸ್ಟ್ ಪಿಯುಸಿ, ವ್ಯವಹಾರ ಅಧ್ಯಯನ. "ಕಂಪನಿಗೆ ಶಾಶ್ವತ ಅಸ್ತಿತ್ವ ಇದೆ. ಷೇರುದಾರರು ಸತ್ತರೂ ಕಂಪನಿ ಸಾಯೋದಿಲ್ಲ" ಅಂತ ಬೋರ್ಡ್ ಮೇಲೆ ಬರೆದೆ.

ಎರಡನೇ ಬೆಂಚಿನ ಸೆಲ್ವಿ ಎದ್ದು ನಿಂತಳು. "ಸುಳ್ಳು ಮೇಡಂ. ನಮ್ಮಪ್ಪನ ಕಂಪನಿ ಸತ್ತೇ ಹೋಯ್ತಲ್ಲ."

ಯಾರೂ ನಗಲಿಲ್ಲ. ಅರ್ಧ ಕ್ಲಾಸಿನ ಅಪ್ಪಂದಿರು ಊರಲ್ಲಿ ಮುಚ್ಚಿದ ಅದೇ ಕಾರ್ಖಾನೆಯ ಗೇಟಿಂದ ಕೆಲಸ ಕಳ್ಕೊಂಡು ಹೊರಗೆ ಬಂದವರು.

ನನಗೋ ತಪ್ಪು ತಿದ್ದೋ ಚಟ. "ಮುಚ್ಚಿದ್ದು ಕಾರ್ಖಾನೆ ಕಣಮ್ಮ. ಕಾನೂನಿನ ಪ್ರಕಾರ ಕಂಪನಿ ಇನ್ನೂ ಇದೆ" ಅಂದೆ.

ಅವಳ ಮುಖ ಅರಳಿಬಿಡ್ತು. "ಹೌದಾ ಮೇಡಂ? ಅಪ್ಪನೂ ಹಾಗೇ ಅಂತಾರೆ. ಮತ್ತೆ ಕರೀತಾರೆ ಅಂತ ಪ್ರತಿ ಭಾನುವಾರ ಡ್ಯೂಟಿ ಶೂಗೆ ಪಾಲಿಶ್ ಹಾಕ್ತಾರೆ. ಅಮ್ಮ ಬೈತಾಳೆ. ಇವತ್ತು ಹೋದ ತಕ್ಷಣ ಮೇಡಂ ಹೇಳಿದ್ರು ಅಂತ ಹೇಳ್ತೀನಿ!"

ಬೆಲ್ ಹೊಡೀತು. "ಹಾಗಲ್ಲಮ್ಮ, ನಿಲ್ಲು" ಅನ್ನೋಷ್ಟರಲ್ಲಿ ಓಡಿಬಿಟ್ಟಿದ್ದಳು.

ಶಿವಮೊಗ್ಗದ ಬಸ್ಸಲ್ಲಿ ಕೂತು ಇದನ್ನ ಬರೀತಿದ್ದೀನಿ. ಇವತ್ತು ಗುರುವಾರ. ಆದ್ರೂ ಈ ಹೊತ್ತಿಗೆ ಆ ಮನೇಲಿ ಶೂಗೆ ಪಾಲಿಶ್ ಬೀಳ್ತಿರುತ್ತೆ.

ನಾನು ಹೇಳಿದ್ದು ಮಾತ್ರ ಪುಸ್ತಕದ ಪ್ರಕಾರ ಪೂರ್ತಿ ಸರಿ. ಎರಡಕ್ಕೆ ಎರಡು ಅಂಕ.