ಫೀಸು ಕಟ್ಟದ ಗುಲ್ಫಶಾ

ಹಾಂ, ಅದೇ ಗುಲ್ಫಶಾ! ಮಾನ್ವಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಹೆಗಲಿಗೊಂದು ಜೋತುಬಿದ್ದ ಚೀಲ, ಮಾತು ಮಾತ್ರ ಅರಳು ಹುರಿದ ಹಾಗೆ. ಪತ್ರಿಕೆಯವರಿಗೆ 'ಫೀಸು ಕಟ್ಟುವುದಿಲ್ಲ' ಎಂದು ಆಕೆ ಬರೆದದ್ದು ಎಲ್ಲರಿಗೂ ಗೊತ್ತು. ಯಾಕೆ ಬರೆದಳು ಅನ್ನುವುದು ಅದಕ್ಕಿಂತ ಚಂದದ ಕಥೆ.

ಅದು ಶುರುವಾಗುವುದು ದೇವದುರ್ಗದ ದಾವಲ್ ಬೀ ಮನೆಯಲ್ಲಿ. ಮದುವೆ ಮನೆಗಳಲ್ಲಿ ಅರಿಶಿನದ ದಿನ ಢೋಲಕ್ ಹಿಡಿದು ದಖ್ನಿ ಉರ್ದು ಹಾಡು ಹೇಳುವ ಮುದುಕಿ ಈಕೆ. ಆಕೆಯದೊಂದು ಪದ್ಧತಿ ಇದೆ. ಹಾಡು ಮುಗಿಸುವಾಗ ಎದುರಿಗೆ ಕುಳಿತ ಹುಡುಗಿಯ ಹೆಸರನ್ನು ಕೊನೆಯ ಸಾಲಿನಲ್ಲಿ ಸೇರಿಸುತ್ತಾಳೆ. ಹೆಸರು ಸೇರದಿದ್ದರೆ ಹರಸದೇ ಎಬ್ಬಿಸಿದ ಹಾಗೆ ಎಂದು ಆಕೆಯ ನಂಬಿಕೆ.

ಗುಲ್ಫಶಾ ತನ್ನ ಪಿಎಚ್‌ಡಿಗಾಗಿ ಈ ಹಾಡುಗಳನ್ನು ಫೋನಿನಲ್ಲಿ ಹಿಡಿದುಕೊಳ್ಳಲು ಹೋದಾಗ ಎದುರಿಗೆ ಇದ್ದವಳು ಅವಳೊಬ್ಬಳೇ. ಹಾಗಾಗಿ ಹಾಡು ಮುಗಿದದ್ದು ಹೀಗೆ: 'ಗುಲ್ಫಶಾ ಕೆ ಹಾತಾಂ ಮೇ ಮೆಹಂದಿ ರಚೇ.' ಗುಲ್ಫಶಾಳ ಕೈಯಲ್ಲಿ ಮೆಹಂದಿ ಕೆಂಪಾಗಲಿ ಎಂದು ಅರ್ಥ. ಈ ಹಾಡುಗಳ ಮೇಲೆ ಲೇಖನ ಬರೆಯುವಾಗ ಆ ಸಾಲನ್ನು ಇದ್ದ ಹಾಗೇ ಇಟ್ಟಳು. ಅದು ತನ್ನದೇ ಹೆಸರು ಎಂದು ವಿವರಿಸಲು ಮಾತ್ರ ನಾಚಿಕೆಯಾಗಿ ಸುಮ್ಮನಾದಳು. ಕಳಿಸಿದ್ದು ಒಂದು ಮುಕ್ತ ಪತ್ರಿಕೆಗೆ. ಅಲ್ಲಿ ಬರೆಯುವವರೂ ದುಡ್ಡು ಕೊಡಬೇಕಿಲ್ಲ, ಓದುವವರೂ ಕೊಡಬೇಕಿಲ್ಲ. ಯಾರು ಬೇಕಾದರೂ ಬಳಸಬಹುದು, ಬರೆದವರ ಹೆಸರು ಹೇಳಬೇಕು, ಅದೊಂದೇ ಶರತ್ತು.

ಲೇಖನ ಅಚ್ಚಾಯಿತು, ಪಿಎಚ್‌ಡಿ ಪ್ರಬಂಧವೂ ಸಿದ್ಧವಾಯಿತು. ಕೃತಿಚೌರ್ಯ ಹುಡುಕುವ ಕಂಪ್ಯೂಟರ್ ಪರೀಕ್ಷೆಗೂ ಹೋಯಿತು. ಆಗ ರಾಯಚೂರಿನಿಂದ ಗೈಡ್ ವಿಜಯಶ್ರೀ ಮೇಡಂ ಫೋನು ಬಂತು.

"ಗುಲ್ಫಶಾ, ನಿನ್ನ ಹಾಡಿನ ಅಧ್ಯಾಯ ಪೂರಾ ಕೆಂಪು ಬಂದದ. ಚನ್ನವೀರ ಸರ್ ಲೇಖನದಾಗಿಂದ ಎತ್ತೀಯಂತ ತೋರಸಾಕತ್ತದ."

"ಮೇಡಂ, ಅದು ನಂದೇ ರೀ! ಪತ್ರಿಕಿಯೊಳಗ ಬಂದದಲ್ರೀ!"

"ಅವರದು ನಿನ್ನಕಿಂತ ಹಿಂದಿನ ಸಂಚಿಕಿಯೊಳಗ ಅದ. ನಾ ಏನ್ ಮಾಡ್ಲಿ? ಅಧ್ಯಾಯ ತಗದುಬಿಡು. ಇಲ್ಲಾಂದ್ರ ಪಿಎಚ್‌ಡಿನೇ ಹೋಗ್ತದ."

ಚನ್ನವೀರ ಅವರು ರಾಯಚೂರಿನ ಒಂದು ಖಾಸಗಿ ಕಾಲೇಜಿನ ಹಿರಿಯ ಪ್ರಾಧ್ಯಾಪಕರು, ವಿಚಾರ ಸಂಕಿರಣಗಳಲ್ಲಿ ಮೊದಲ ಕುರ್ಚಿ ಅವರದೇ. ಅವರ ಲೇಖನ ಬಂದ ಪತ್ರಿಕೆಯೂ ಮುಕ್ತ ಅಂತಲೇ ಹೇಳಿಕೊಳ್ಳುತ್ತದೆ, ಆದರೆ ಒಳಗೆ ಬರಲು ಫೀಸು. ಸ್ವಲ್ಪ ಹೆಚ್ಚು ಕೊಟ್ಟರೆ ಹಳೆಯ ಸಂಚಿಕೆಯಲ್ಲೂ ಜಾಗ ಮಾಡಿಕೊಡುತ್ತಾರೆ. ಗುಲ್ಫಶಾಳ ಲೇಖನ ಎತ್ತಿ ಸರ್ ಹಾಗೇ ಹಿಂದಿನ ಸಂಚಿಕೆಗೆ ಹಾಕಿಸಿದ್ದರು. ಹೀಗೆ, ತಾನು ಬೆವರು ಸುರಿಸಿ ಬರೆದದ್ದಕ್ಕೆ ಗುಲ್ಫಶಾಳೇ ಕಳ್ಳಿಯಾದಳು.

ಆ ಪತ್ರಿಕೆಗೆ ದೂರು ಬರೆದಳು. 'ತಿದ್ದುಪಡಿ ಶುಲ್ಕ ಪಾವತಿಸಿದ ನಂತರ ಪರಿಶೀಲಿಸಲಾಗುವುದು' ಎಂದು ಉತ್ತರ ಬಂತು. ಅದನ್ನು ಓದಿದ ಸಹೋದ್ಯೋಗಿ ಉಮಾಶ್ರೀ ಅಂದಳು, "ಕಟ್ಟಿ ಒಗದುಬಿಡ ಬೇ. ಪಿಎಚ್‌ಡಿ ದೊಡ್ಡದೋ, ಫೀಸು ದೊಡ್ಡದೋ?"

"ನಮ್ಮ ಮನಿ ಸಾಮಾನು ಕಳುವಾತು ಅಂತಿಟ್ಟುಕೋ. ಕಳ್ಳನ ಮಾಲು ಇಟಗೊಂಡಾವಗೇ ರೊಕ್ಕ ಕೊಟ್ಟು, 'ಇದು ನಂದು' ಅಂತ ಚೀಟಿ ಬರಸ್ಕೊಂಡು ಬರ್ಲೇನು?"

"ಹಂಗಾದ್ರ ಅಧ್ಯಾಯ ತಗಿ."

"ಅದೂ ತಗ್ಯಾಂಗಿಲ್ಲ!"

ಫೀಸು ಕಟ್ಟುವುದಿಲ್ಲ ಎಂದು ಅಲ್ಲೇ ಉತ್ತರ ಬರೆದು ಕಳಿಸಿದಳು. ಸಿಟ್ಟಿನಲ್ಲೇ ಚನ್ನವೀರರ ಲೇಖನ ತೆಗೆದು ಓದುತ್ತಾ ಹೋದವಳು ಕೊನೆಯ ಪುಟಕ್ಕೆ ಬಂದಾಗ ಬಿದ್ದು ಬಿದ್ದು ನಕ್ಕಳು, ಚಹಾ ಉಮಾಶ್ರೀಯ ಸೀರೆಗೆ ಚೆಲ್ಲುವಷ್ಟು. ಹಾಡಿನ ಕೊನೆಯ ಸಾಲನ್ನೂ ಎತ್ತಿದ್ದ ಸರ್, ಅದಕ್ಕೊಂದು ಅಡಿಟಿಪ್ಪಣಿ ಹಾಕಿದ್ದರು: 'ಗುಲ್ಫಶಾ: ನಿಜಾಮರ ಕಾಲದ ಉದಾರಿ ಬೇಗಂ ಇದ್ದಿರಬೇಕು. ಹೆಚ್ಚಿನ ಸಂಶೋಧನೆ ಅಗತ್ಯ.'

ಮುಂದಿನ ವಾರವೇ ರಾಯಚೂರಿನಲ್ಲಿ ಸಂಕಿರಣ. ಚನ್ನವೀರರು ಅದೇ ಲೇಖನ ಓದಿದರು, ಚಪ್ಪಾಳೆಯೂ ಬಿತ್ತು. ಪ್ರಶ್ನೆ ಇದ್ದರೆ ಕೇಳಿ ಎಂದದ್ದೇ ತಡ, ಹಿಂದಿನ ಸಾಲಿನಿಂದ ಗುಲ್ಫಶಾ ಎದ್ದಳು.

"ಸರ್, ಆ ಬೇಗಂ ಯಾರ್ ರೀ?"

"ನೋಡವ್ವಾ, ನಿಜಾಮರ ಕಾಲದಾಗ ಅಂಥಾವರು ಭಾಳ ಮಂದಿ ಇದ್ರು. ದಾನಾ ಧರ್ಮಾ ಮಾಡಿ ಹಾಡಿನ್ಯಾಗ ಉಳದಾರ."

"ಆ ಬೇಗಂ ನಾನೇ ರೀ ಸರ್. ಮಾನ್ವಿ ಬಸ್ಸಿಗಿ ಬಂದೀನಿ!"

ಸಭೆ ಘೊಳ್ಳೆಂದಿತು. ಆಕೆ ಮೈಕಿಗೆ ಫೋನು ಹಿಡಿದಳು. ದಾವಲ್ ಬೀಯ ದನಿ ಕೇಳಿತು: 'ನಾಂ ಬೋಲ್ ಬೇಟಿ ತೇರಾ.' ನಿನ್ನ ಹೆಸರು ಹೇಳು ಮಗಳೇ ಎಂದು. ಹಿಂದೆಯೇ ಗುಲ್ಫಶಾಳ ಉತ್ತರ, ಆಮೇಲೆ ಢೋಲಕ್, ಆಮೇಲೆ ಆ ಸಾಲು. ಮೊದಲ ಸಾಲಿನಲ್ಲಿದ್ದ ವಿಜಯಶ್ರೀ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಚನ್ನವೀರರು ಜಗ್ಗಲಿಲ್ಲ. "ಮುಕ್ತ ಅಂತ ಹಾಕೂದೂ ನೀವೇ, ತಗೊಂಡ್ರ ಅಳೂದೂ ನೀವೇ!"

"ಅರವಟಗಿ ನೀರು ಯಾರರ ಕುಡೀರಿ ಸರ್, ಬ್ಯಾಡ ಅಂದಾವ್ರು ಯಾರು? ಅರವಟಗಿ ಬೋರ್ಡ್ ಕಿತ್ತು ನಿಮ್ಮ ಹೆಸರು ಬಡಿಯೂದು ಎಲ್ಲಿ ನ್ಯಾಯ?"

"ಆತು. ನಿನ್ನ ಲೇಖನದಾಗ ಆ ಮುದುಕಿ ಹೆಸರು ಎಲ್ಲದ? 'ದೇವದುರ್ಗದ ಒಬ್ಬ ಗಾಯಕಿ' ಅಂದೀಯಲ್ಲ, ಅದೇನು ಕಳುವಲ್ಲೇನು?"

ಮಾತು ನಿಜವಾಗಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆಂದು ಅವಳೂ ಹಾಗೇ ಬರೆದಿದ್ದಳು. ಮುಖ ಕೆಂಪಾಯಿತು, ಆದರೆ ಕೂರಲಿಲ್ಲ.

"ಖರೇ ಅದ ರೀ. ತಪ್ಪು ನಂದು. ನಾ ತಿದ್ದತೀನಿ. ನೀವು?"

ಚನ್ನವೀರರು ನೀರಿನ ಲೋಟ ಹುಡುಕತೊಡಗಿದರು.

ಮರುದಿನವೇ ದೇವದುರ್ಗಕ್ಕೆ ಹೋಗಿ ದಾವಲ್ ಬೀಯನ್ನು ಕೇಳಿದಳು, "ಖಾಲಾ, ನಿಮ್ಮ ಹೆಸರು ಹಾಕ್ಲೇನು?"

ಮುದುಕಿ ಎಲೆ ಅಡಿಕೆ ಮೆಲ್ಲುತ್ತಲೇ ಬೈದಳು, "ಬಂದ ದಿನಾನೇ ನಿನ್ನ ಹೆಸರು ನಾ ಹಾಡೀನಿ. ನಂದು ಬರಿಯಾಕ ನಿನಗೆಷ್ಟು ಹೊತ್ತು ಬೇಕಾತು ಬೇಟಿ!"

ಮುಕ್ತ ಪತ್ರಿಕೆಯವರು ಬಿಡಿಗಾಸೂ ಕೇಳದೆ ತಿದ್ದುಪಡಿ ಹಾಕಿದರು. ಮೊದಲು ದಾವಲ್ ಬೀ, ಆಮೇಲೆ ಗುಲ್ಫಶಾ. ಹೆಸರು ಸೇರಿಸುವ ಪದ್ಧತಿಯ ವಿವರವೂ ಬಂತು. ಧ್ವನಿಮುದ್ರಣ ಇಟ್ಟುಕೊಂಡು ವಿಜಯಶ್ರೀ ಮೇಡಂ ವಿಶ್ವವಿದ್ಯಾಲಯಕ್ಕೆ ತಾವೇ ಬರೆದರು, ಅಧ್ಯಾಯ ಉಳಿಯಿತು. ಚನ್ನವೀರರ ಲೇಖನ ಮಾತ್ರ ಇನ್ನೂ ಅಲ್ಲೇ ಇದೆ, ಬೇಗಂ ಸಮೇತ. ಶುಲ್ಕದಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ಆ ಪತ್ರಿಕೆಯಿಂದ ಆಗಾಗ ಮೇಲ್ ಬರುತ್ತದೆ. ಗುಲ್ಫಶಾ ಪ್ರತಿ ಸಲವೂ ಅದೇ ಒಂದು ಸಾಲಿನ ಉತ್ತರ ಕಳಿಸುತ್ತಾಳೆ.

ಮಾನ್ವಿ ಕಡೆ ಹೋದರೆ ಆಕೆಯನ್ನು ಕಾಣದೆ ಬರಬೇಡಿ. ನಿಜಾಮರ ಬೇಗಂ ಎಲ್ಲಿ ಎಂದು ಕಾಲೇಜಿನ ಗೇಟಿನಲ್ಲಿ ಕೇಳಿದರೆ ಸಾಕು, ನಗುತ್ತಾ ತೋರಿಸುತ್ತಾರೆ. ಬಿಡುವಿದ್ದರೆ ಆಕೆಯೇ ನಿಮ್ಮನ್ನು ದೇವದುರ್ಗಕ್ಕೂ ಕರೆದೊಯ್ದಾಳು. ಹೋಗಿ, ದಾವಲ್ ಬೀಯ ಎದುರಿಗೆ ಕುಳಿತುಕೊಳ್ಳಿ, ನಿಮ್ಮ ಹೆಸರೂ ಹಾಡು ಸೇರುತ್ತದೆ. ಮನೆಗೆ ಬಂದು ಆ ಹಾಡನ್ನು ಎಲ್ಲಾದರೂ ಬರೆದರೆ, ಹಾಡಿದವಳ ಹೆಸರನ್ನು ಮೊದಲು ಬರೆಯಿರಿ.