ಕುತ್ತಿಗೆಯ ಕೆಳಗೆ ನಾನು

ತಿಕೋಟಾ, ಬಬಲೇಶ್ವರದ ಎಷ್ಟೋ ಮನೆಗಳ ಪಡಸಾಲೆಯಲ್ಲಿ ನಾನು ಗೋಡೆಯ ಮೇಲಿದ್ದೇನೆ. ಪೂರ್ತಿ ಅಲ್ಲ, ಕುತ್ತಿಗೆಯಿಂದ ಕೆಳಗೆ ಮಾತ್ರ. ತಲೆ ಬೇರೆಯವರದು, ಮತ್ತು ಅವರು ಯಾರೂ ಈಗ ಬದುಕಿಲ್ಲ.

ಹೆದರಬೇಡಿ, ಇದು ನನ್ನ ಹೊಟ್ಟೆಪಾಡು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ, ಅಪ್ಪನಿಂದ ಬಂದದ್ದು. ಮನೆಯಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಜನ ಅವಳ ಆಧಾರ್ ಕಾರ್ಡನ್ನೋ, ಯಾರದೋ ಮದುವೆಯ ಗುಂಪಿನಲ್ಲಿ ಇಣುಕುವ ಅವಳ ಮುಖವನ್ನೋ ಹಿಡಿದು ಬರುತ್ತಾರೆ. ಜೀವಮಾನವಿಡೀ ದುಡಿದವಳಿಗೆ ಸರಿಯಾದ ಒಂದು ಫೋಟೋ ಇರುವುದಿಲ್ಲ! ಗೋಡೆಗೆ ಹಾಕಲು ಕುರ್ಚಿಯ ಮೇಲೆ ಕೂತ ಫೋಟೋ ಬೇಕು. ಗಂಡನಿಗಿಂತ ಮೊದಲು ಹೋದವಳಾದರೆ ಮುತ್ತೈದೆಯ ಅಲಂಕಾರವೂ ಬೇಕು. ಇಳಕಲ್ ಸೀರೆ, ತಾಳಿ, ಕೈತುಂಬ ಹಸಿರು ಬಳೆ. ಅದನ್ನೆಲ್ಲ ನಾನೇ ತೊಟ್ಟು, ಕುರ್ಚಿಯಲ್ಲಿ ಕೂತು, ಟೈಮರ್ ಹಾಕಿ ಫೋಟೋ ತೆಗೆಯುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ತಲೆ ಕತ್ತರಿಸಿ ಅವರ ತಲೆ ಕೂರಿಸುತ್ತೇನೆ.

ಮೊದಲು ಇದು ಬರೀ ಅನುಕೂಲದ ಕೆಲಸವಾಗಿತ್ತು. ಗಂಡ ತೀರಿಕೊಂಡ ಮೇಲೆ ಹಾಗೆ ಉಳಿಯಲಿಲ್ಲ. ನಮ್ಮದು ಓದಿದವರ ಮನೆ, ನೌಕರಿಯವರ ಮನೆ. ಬಳೆ ತೆಗೆ ಎಂದು ಅತ್ತೆ ಸಹಿತ ಯಾರೂ ಹೇಳಲಿಲ್ಲ. ಹಾಕಿಕೋ ಎಂದೂ ಹೇಳಲಿಲ್ಲ. ನಾನೇ ತೆಗೆದಿಟ್ಟೆ. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದಾಗ ನಮ್ಮ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗತೊಡಗಿದರು. ಈಗ ನನ್ನ ಕೈಗೆ ಹಸಿರು ಬಳೆ ಬರುವುದು ಸತ್ತವರ ಪರವಾಗಿ ಕೂತಾಗ ಮಾತ್ರ.

ಕಳೆದ ಚಳಿಗಾಲದಲ್ಲಿ ಊರಿನ ಛಾಯಾಗ್ರಾಹಕರೆಲ್ಲ ಸೇರಿ ಒಂದು ಪ್ರದರ್ಶನ ಇಡೋಣ ಎಂದರು. ಒಬ್ಬೊಬ್ಬರು ಒಂದೊಂದು ಫೋಟೋ, ತಮ್ಮದೇ ಮುಖದ್ದು, ತಾವೇ ತೆಗೆದದ್ದು. ಅದೇನು ಮಹಾ ಎಂದು ಒಪ್ಪಿಕೊಂಡೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಸ್ಟುಡಿಯೋದಲ್ಲಿ ಬರಿಗೈಯಲ್ಲಿ ಕೂತು ತೆಗೆದೆ. ಬ್ಯಾಂಕಿನ ಅರ್ಜಿಗೆ ಅಂಟಿಸುವಂಥ ಮುಖ ಬಂತು. ಕುಂಕುಮ ಇಟ್ಟು ತೆಗೆದೆ, ಯಾರಿಗೋ ಮೋಸ ಮಾಡುವವಳ ಹಾಗೆ ಕಂಡೆ. ಒರೆಸಿಕೊಂಡು ತೆಗೆದೆ, ಯಾರಿಗೋ ಹೆದರಿದವಳ ಹಾಗೆ ಕಂಡೆ. ಬಯಲಿಗೆ ಹೋದರೆ ಸರಿಹೋದೀತೆಂದು ಸ್ಟ್ಯಾಂಡು ಹೊತ್ತುಕೊಂಡು ಗೋಳಗುಮ್ಮಟಕ್ಕೆ ಹೋದೆ. ಅಲ್ಲಿ ಹುಲ್ಲಿನ ಮೇಲೆ ಕ್ಯಾಮೆರಾ ನಿಲ್ಲಿಸಿದ್ದೇ ತಡ, ಪ್ರವಾಸಿಗಳು ಒಬ್ಬರಾದ ಮೇಲೊಬ್ಬರು ಮೊಬೈಲು ಕೈಗಿತ್ತು, ನಮ್ಮದೊಂದು ತೆಗೀರಿ ಎಂದರು. ಮಂದಿಯ ಸಂಸಾರಗಳನ್ನೆಲ್ಲ ತೆಗೆದುಕೊಟ್ಟು, ನನ್ನದು ಬಿಟ್ಟು, ಮನೆಗೆ ಬಂದೆ. ಮರುದಿನ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಆ ವಾರವೇ ತಿಕೋಟಾದ ಒಂದು ಮನೆಗೆ ಚೌಕಟ್ಟು ಹಾಕಿದ ಫೋಟೋ ತಲುಪಿಸಬೇಕಿತ್ತು. ತೀರಿಕೊಂಡವಳು ಆ ಮನೆಯ ಸೊಸೆ. ಗಂಡ ಫೋಟೋ ನೋಡಿ ಕಣ್ಣೊರೆಸಿಕೊಂಡು ಮೊಳೆ ಹೊಡೆಯಲು ಎದ್ದ. ಅವನ ತಾಯಿ, ಹಣ್ಣುಹಣ್ಣು ಮುದುಕಿ, ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಡಲೊಲ್ಲಳು.

"ಮಾರಿ ನಮ್ಮಾಕಿದ ಐತಿ. ಕೈ ನಮ್ಮಾಕಿವು ಅಲ್ಲ," ಎಂದಳು. "ಎಮ್ಮಿ ಹಿಂಡಿ, ಮೇವು ಕೊಯ್ದು ನಮ್ಮಾಕಿ ಕೈ ದಡ್ಡುಗಟ್ಟಿದ್ವು. ಇವು ಯಾರ ಕೈ ಬೇ?"

"ನನ್ನವು ಆಯಿ. ನಾನ ಕೂತೇನಿ."

ಮುದುಕಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಬಳಿ ಎಲ್ಲಿ ಅದಾವ ಯವ್ವಾ?"

ಸುಳ್ಳು ಹೇಳಬಹುದಿತ್ತು. ಆ ದಿನಗಳ ತಳಮಳದಲ್ಲಿ ಸುಳ್ಳು ಹೇಳುವಷ್ಟು ತಾಳ್ಮೆಯೂ ನನ್ನಲ್ಲಿ ಉಳಿದಿರಲಿಲ್ಲ. "ನನ್ನ ಗಂಡ ಇಲ್ಲ ಆಯಿ," ಎಂದೆ.

ಸುತ್ತಿಗೆಯ ಸದ್ದು ನಿಂತಿತು. ಗಂಡಸು ನನ್ನ ಕಡೆ ನೋಡದೆ, "ಬ್ಯಾರೆ ಮಾಡಿ ಕೊಡ್ರಿ ಬಾಯಾರ," ಎಂದ. "ಮುತ್ತೈದಿ ಫೋಟೋ ಅದು. ಆಕಿ ತಂಗಿನ್ನ ಕಳಸ್ತೇನಿ, ಆಕಿನ್ನ ಕುಂದ್ರಸ್ರಿ." ಮಾತಿನಲ್ಲಿ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಮುದುಕಿ ಚಹಾ ಕುಡಿಯದೆ ಹೋಗಬೇಡ ಎಂದು ಜುಲುಮೆ ಮಾಡಿದಳು. ಕುಡಿದು, ಚೌಕಟ್ಟನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದೆ, ಅದಕ್ಕಾಗಿ ನನ್ನ ಮೇಲೇ ನನಗೆ ಸಿಟ್ಟು ಬಂತು.

ತಂಗಿ ಬಂದಳು, ಅಕ್ಕನ ಸೀರೆಯನ್ನೇ ಉಟ್ಟು ಕೂತಳು. ಅವಳ ಕೈಯೂ ದಡ್ಡುಗಟ್ಟಿತ್ತು. ಕೆಲಸ ಚೆನ್ನಾಗಿಯೇ ಆಯಿತು. ಬೆಳಕು ಹೊಂದಿಸಿಕೊಳ್ಳಲು ಹಳೆಯ ಫೈಲು ತೆರೆದಾಗ, ನನ್ನ ತಲೆ ಕತ್ತರಿಸುವ ಮೊದಲಿನ ಫೋಟೋ ಪರದೆಯ ಮೇಲೆ ಬಂತು. ಎಂದೂ ಅದರತ್ತ ಗಮನ ಕೊಟ್ಟವಳಲ್ಲ. ಕತ್ತರಿಸಿ ಎಸೆಯುವ ಮುಖ, ನೋಡುವುದೇನಿದೆ?

ಅಂದು ನೋಡಿದೆ. ಕುರ್ಚಿಯಲ್ಲಿ ಕೂತಿದ್ದೇನೆ. ಬಳೆಗಳು ಮೊಳಕೈವರೆಗೆ ಸರಿದಿವೆ. ಒಂದು ಕಣ್ಣು ದೀಪದ ಕಡೆ, ಬಾಯಿ ಅರ್ಧ ತೆರೆದಿದೆ, ಟೈಮರಿಗೆ ಏನೋ ಬೈಯುತ್ತಿರಬೇಕು. ಹೇಗಿದ್ದರೂ ಉಳಿಯದ ಮುಖ ಎಂದು ನಾನದನ್ನು ಸಿದ್ಧ ಮಾಡಿರಲಿಲ್ಲ, ಯಾರಿಗೂ ಏನನ್ನೂ ತೋರಿಸಲು ಹೊರಟಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಮುಖ ನನಗೆ ಹಿಡಿಸಿತು. ಸ್ವಲ್ಪ ಅಳುವೂ ಬಂತು. ಇದನ್ನೇ ಕೊಡುತ್ತೇನೆ ಎಂದುಕೊಂಡೆ.

ಅತ್ತೆಗೆ ಮೊದಲು ತೋರಿಸಿದೆ. ತೋರಿಸದೆ ಕೊಡುವ ಧೈರ್ಯ ಇರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚಂದ ಬಂದೈತಿ. ಕೊಡು ಅಲ್ಲೆ," ಎಂದರು. ಫೋಟೋ ವಾಪಸು ಕೊಡುತ್ತ, "ಮನ್ಯಾಗ ಮಾತ್ರ ಹಾಕಬ್ಯಾಡ," ಎಂದರು.

ನಮ್ಮ ಪಡಸಾಲೆಯಲ್ಲಿ ಅವರ ಮಗನ ಫೋಟೋ ಇದೆ. ಅವರ ಕಷ್ಟ ನನಗೆ ಗೊತ್ತು. ಗೊತ್ತಿದ್ದೂ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಫೋಟೋವನ್ನು ಆಳೆತ್ತರ ಪ್ರಿಂಟ್ ಹಾಕಿಸಿದೆ.

ಪ್ರದರ್ಶನ ಸೊಲ್ಲಾಪುರ ರಸ್ತೆಯ ಒಂದು ಸಭಾಂಗಣದಲ್ಲಿ. ಉಳಿದವರೆಲ್ಲ ತಮ್ಮ ತಮ್ಮ ಫೋಟೋಗಳಲ್ಲಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಗಡ್ಡ ನೀವಿಕೊಂಡು, ದಿಗಂತ ನೋಡುತ್ತ ನಿಂತಿದ್ದರು. ನಡುವೆ ನಾನೊಬ್ಬಳು ಕುರ್ಚಿಯಲ್ಲಿ. ನಿಂತಲ್ಲಿ ನಿಲ್ಲಲಾಗದೆ ಬಾಗಿಲಿಗೂ ಫೋಟೋಕ್ಕೂ ಓಡಾಡಿದೆ. ಯಾರು ಏನೆನ್ನುತ್ತಾರೋ ಎಂಬ ಭಯ ಒಂದು ಕಡೆ, ಯಾರೂ ಏನೂ ಅನ್ನದಿದ್ದರೆ ಎಂಬ ಭಯ ಇನ್ನೊಂದು ಕಡೆ.

ಮಧ್ಯಾಹ್ನ ಬಬಲೇಶ್ವರದ ಕಡೆಯ ಇಬ್ಬರು ಹೆಂಗಸರು ಬಂದರು, ಯಾವುದೋ ಛಾಯಾಗ್ರಾಹಕನ ನೆಂಟರು. ಗಡ್ಡಗಳನ್ನೆಲ್ಲ ದಾಟಿಕೊಂಡು ನನ್ನ ಫೋಟೋದ ಮುಂದೆ ಬಂದವರು ಒಮ್ಮೆಲೇ ನಿಂತರು. ಚಪ್ಪಲಿ ಕಳಚಿದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಇಬ್ಬರೂ ಕೈಮುಗಿದರು. ಅವರದೇನೂ ತಪ್ಪಿಲ್ಲ. ಕುರ್ಚಿ, ಇಳಕಲ್ ಸೀರೆ, ಹಸಿರು ಬಳೆ. ಅವರ ಮನೆಗಳ ಗೋಡೆಯ ಮೇಲೆ ಹಾಗೆ ಕೂತವರೆಲ್ಲ ಸತ್ತವರೇ.

"ಸಣ್ಣಾಕಿ ಅದಾಳ ನೋಡ, ಪಾಪ," ಎಂದಳು ಒಬ್ಬಳು.

"ಏನಾರ ಆಗಲಿ, ಪುಣ್ಯಾ ಮಾಡ್ಯಾಳ," ಎಂದಳು ಇನ್ನೊಬ್ಬಳು. "ಮುತ್ತೈದಿ ಆಗಿ ಹೋಗ್ಯಾಳ."

ನಾನು ಅವರ ಬೆನ್ನ ಹಿಂದೆಯೇ ಇದ್ದೆ.

"ಹೋಗಿಲ್ರೀ," ಎಂದೆ, ಇಡೀ ಸಭಾಂಗಣ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಹೋದಾಂವ ನನ್ನ ಗಂಡ. ನಾ ಇಲ್ಲೇ ಅದೇನಿ."